ಐದು ಬುಟ್ಟಿ ಗರಸು

ಇಂಡಿ ಊರಿನ ಬಾಸ್ಕೆಟ್‌ಬಾಲ್ ರಿಂಗಿಗೆ ದೆವ್ವ ಹಿಡಿದಿದೆ ಎಂದು ಮೊದಲು ಹೇಳಿದವರು ಮುದ್ದೇಬಿಹಾಳದವರು. ಸೋತವರ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಆದರೂ ಅವರು ಸುಮ್ಮನಿರಲಿಲ್ಲ, ಆಟಕ್ಕಿಳಿಯುವ ಮುಂಚೆ ಕಂಬದ ಬುಡಕ್ಕೆ ತೆಂಗಿನಕಾಯಿ ಒಡೆಯತೊಡಗಿದರು. ಬಸವನ ಬಾಗೇವಾಡಿಯವರು ಹಣೆತುಂಬ ವಿಭೂತಿ ಬಳಿದುಕೊಂಡು ಬಂದರು. ಸಿಂದಗಿಯವರಂತೂ ಮಂತ್ರಿಸಿದ ನಿಂಬೆಹಣ್ಣನ್ನು ಚಡ್ಡಿಯ ಕಿಸೆಯಲ್ಲಿಟ್ಟುಕೊಂಡು ಬಂದರು. ಲಾರಿಗಟ್ಟಲೆ ನಿಂಬೆ ಬೆಳೆಯುವ ಊರಿಗೆ ಕಿಸೆಯಲ್ಲಿ ನಿಂಬೆಹಣ್ಣು ತಂದವರನ್ನು ಕಂಡು ಇಂಡಿಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗುವುದಕ್ಕೆ ಕಾರಣವಿತ್ತು. ಈ ನಾಲ್ಕು ತಾಲ್ಲೂಕುಗಳ ನಡುವೆ ಪ್ರತಿವರ್ಷ ದಸರೆ ಮುಗಿದ ವಾರ ಬಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಗೆದ್ದವರ ಊರಿನಲ್ಲೇ ಮರುವರ್ಷದ ಆಟ ಎಂಬುದು ನಿಯಮ. ಇಂಡಿ ಒಮ್ಮೆ ಗೆದ್ದದ್ದೇ ಗೆದ್ದದ್ದು, ಬಹುಮಾನದ ಕಪ್ಪು ಮತ್ತೆ ಊರ ಗಡಿ ದಾಟಲಿಲ್ಲ. ಒಂಬತ್ತು ವರ್ಷ ಸತತ ಗೆದ್ದಾಗಿತ್ತು. ಹತ್ತನೆಯ ಸಲವೂ ಗೆದ್ದರೆ ಕಪ್ಪು ಕಾಯಂ ಆಗಿ ಇಂಡಿಯದೇ. ಆ ಹತ್ತನೆಯ ವರ್ಷ 1999.

ಒಂದು ವಿಚಿತ್ರ ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಸ್ವಂತ ಅಂಗಳದಲ್ಲಿ ಹುಲಿಗಳಂತೆ ಆಡುವ ಇದೇ ಹುಡುಗರು ಬಿಜಾಪುರಕ್ಕೋ ಬೆಳಗಾವಿಗೋ ಹೋದರೆ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟುತ್ತಿದ್ದರು. ಪರಸ್ಥಳದ ನೀರು ಹಿಡಿಸುವುದಿಲ್ಲ ಎಂದು ಕೆಲವರು ಹೇಳಿದರು. ಎದೆಗಾರಿಕೆ ಇಲ್ಲ ಎಂದು ಉಳಿದವರು ಹೇಳಿದರು.

ಎದೆಗಾರಿಕೆಯ ಮಾತು ಬಂದಾಗಲೆಲ್ಲ ಕಾಸಿಂಸಾಬ ತಲೆ ತಗ್ಗಿಸುತ್ತಿದ್ದ. ಅವನು ಆ ವರ್ಷ ಬೇಸಿಗೆಯಲ್ಲಷ್ಟೇ ಇಂಡಿ ಸ್ಪೋರ್ಟ್ಸ್ ಕ್ಲಬ್ಬಿನ ಅಧ್ಯಕ್ಷನಾಗಿದ್ದ. ವಯಸ್ಸು ನಲವತ್ನಾಲ್ಕು, ಎತ್ತರ ಆರಡಿ, ಎರಡೂ ಮೊಣಕಾಲು ಕೆಟ್ಟಿದ್ದವು. ಹುಬ್ಬಳ್ಳಿಯಲ್ಲಿ ಸಾರಿಗೆ ನೌಕರರ ತಂಡಕ್ಕೆ ಹನ್ನೆರಡು ವರ್ಷ ಆಡಿ, ಕಾಲು ಹೋದ ಮೇಲೆ ಚೆಂಡು ಬಿಟ್ಟು, ವರ್ಗ ಮಾಡಿಸಿಕೊಂಡು ಇಂಡಿಯ ಡಿಪೋಗೆ ಕಂಟ್ರೋಲರ್ ಆಗಿ ಬಂದಿದ್ದ. ನಾಲತವಾಡದ ಬಸ್ಸು ಹೋಯಿತೋ ಇದೆಯೋ ಎಂದು ದಿನಕ್ಕೆ ನೂರು ಸಲ ಹೇಳುವುದು ಅವನ ಕೆಲಸ. ಅವನನ್ನು ಅಧ್ಯಕ್ಷನನ್ನಾಗಿ ಮಾಡಿದವನು ಕ್ಲಬ್ಬಿನ ಕಾರ್ಯದರ್ಶಿ, ನಿಂಬೆ ವ್ಯಾಪಾರಿ ಬಸಂತರಾಯ. ಬಸಂತರಾಯನ ಪ್ರಕಾರ ಅಧ್ಯಕ್ಷನೆಂದರೆ ಹಾರ ಹಾಕಿಸಿಕೊಳ್ಳಲು ಒಂದು ಕೊರಳು, ಸಹಿ ಮಾಡಲು ಒಂದು ಕೈ. ಹುಬ್ಬಳ್ಳಿಯಲ್ಲಿ ಆಡಿದ ಹೆಸರಿದೆ, ಮಾತು ಕಡಿಮೆ, ಇನ್ನೇನು ಬೇಕು?

ಊರಲ್ಲಿ ಕಾಸಿಂಸಾಬನಿಗೆ ಇನ್ನೊಂದು ಹೆಸರಿತ್ತು: ಗಡಗಡ ಕಾಸೀಮ. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಹಿಂದೆ ಎಲ್ಲರೂ ಕರೆಯುತ್ತಿದ್ದರು. ಎಪ್ಪತ್ತೆಂಟರಲ್ಲಿ ಅವನು ರಾಜ್ಯ ತಂಡದ ಆಯ್ಕೆಗೆಂದು ಬೆಂಗಳೂರಿಗೆ ಹೋಗಿದ್ದ. ಇಂಡಿಯ ಅಂಗಳದಲ್ಲಿ ಕಣ್ಣುಮುಚ್ಚಿ ಹಾಕುತ್ತಿದ್ದ ಫ್ರೀ ಥ್ರೋ ಎರಡು ಅಲ್ಲಿ ಸಿಕ್ಕವು. ಎರಡೂ ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್ಸು ಬಂದವು. ಅವನನ್ನು ಬೆಳೆಸಿದ ಡ್ರಿಲ್ ಮಾಸ್ತರ ಸಿದ್ರಾಮ ಜೊತೆಗೇ ಹೋಗಿದ್ದರು. ಮರಳಿ ಬರುವಾಗ ರೈಲಿನಲ್ಲಿ ಅವರು ಒಂದೇ ಮಾತು ಹೇಳಿದರು: “ನಿನ್ನ ಕೈ ನಡಗಿತಪಾ ಕಾಸೀಮ.” ಮಾಸ್ತರರು ಬೈದಿರಲಿಲ್ಲ, ದುಃಖದಿಂದ ಹೇಳಿದ್ದರು. ಅದಕ್ಕೇ ಅದು ಇಪ್ಪತ್ತೊಂದು ವರ್ಷ ಒಳಗೆ ಕೂತಿತ್ತು. ಹುಬ್ಬಳ್ಳಿ ಸೇರಿದ ಮೇಲೆ ಮೂರು ತಿಂಗಳಲ್ಲಿ ಅವನ ಎಸೆತ ಸರಿಹೋಯಿತು, ಅಂಜಿಕೆ ಹೋಯಿತು ಎಂದು ಅವನೂ ತಿಳಿದುಕೊಂಡ. ಆದರೆ ರಾಜ್ಯದ ಅಂಗಿ ಕೈತಪ್ಪಿದ್ದು ತಪ್ಪಿಯೇ ಹೋಗಿತ್ತು.

ಈಗ ಅದೇ ದಾರಿಯಲ್ಲಿ ತಾಂಬಾದ ಕಲ್ಮೇಶ ನಡೆಯುತ್ತಿದ್ದ. ಇಪ್ಪತ್ತೆರಡರ ಕಲ್ಮೇಶ ಇಂಡಿ ತಂಡದ ನಾಯಕ, ದಿನವೂ ಟೆಂಪೋ ಹತ್ತಿ ಬಂದು ಆಡುವವ. ಇಂಡಿಯ ಅಂಗಳದಲ್ಲಿ ಒಂದು ಆಟಕ್ಕೆ ಮೂವತ್ತು ಅಂಕ ಹೊಡೆಯುತ್ತಿದ್ದ. ಎರಡು ವರ್ಷ ಬೆಳಗಾವಿಯ ವಿಭಾಗೀಯ ಶಿಬಿರಕ್ಕೆ ಆಯ್ಕೆಯಾಗಿ, ಎರಡೂ ಸಲ ‘ಒತ್ತಡದಲ್ಲಿ ಅಂಜುತ್ತಾನೆ’ ಎಂದು ಬರೆಸಿಕೊಂಡು ಮರಳಿದ್ದ. ಇಪ್ಪತ್ಮೂರು ತುಂಬಿದರೆ ಶಿಬಿರಕ್ಕೆ ಸೇರಿಸುವುದಿಲ್ಲ. ಈ ಸಲ ಫೈನಲ್ ನೋಡಲು ಬೆಳಗಾವಿಯಿಂದ ಆಯ್ಕೆದಾರರು ಬರುವವರಿದ್ದರು, ಶಿಬಿರ ಮರುದಿನವೇ ಶುರು. ಇದು ಅವನ ಕೊನೆಯ ಅವಕಾಶ.

ಇನ್ನು ಆ ಅಂಗಳದ ವಿಷಯ. ಸಿದ್ರಾಮ ಮಾಸ್ತರರು ಅದನ್ನು 1962ರಲ್ಲಿ ಕಟ್ಟಿಸಿದರು. ಹಳೆಯ ರೈಲು ಕಂಬಿಗಳನ್ನು ಎರಡು ಕಡೆ ಹೂಳಿ, ಬುಡಕ್ಕೆ ಕಲ್ಲಿನ ಕಟ್ಟೆ ಕಟ್ಟಿ, ನೆಲದಿಂದ ಸರಿಯಾಗಿ ಹತ್ತು ಅಡಿಗೆ ರಿಂಗು ಕೂರಿಸಿದ್ದರು. ಆದರೆ ನಮ್ಮ ಕಡೆಯದು ಎರೆಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಅಲ್ಲಿ ಚೆಂಡು ಪುಟಿಯುವುದಿಲ್ಲ. ಅದಕ್ಕೆ ಮಾಸ್ತರರು ಒಂದು ಪದ್ಧತಿ ಹಾಕಿದರು. ದಸರೆಗೆ ಮುಂಚಿನ ಮಹಾನವಮಿ ಅಮಾವಾಸ್ಯೆಗೆ ಪ್ರತಿಯೊಬ್ಬ ಆಟಗಾರ ಊರಾಚೆಯ ದಿನ್ನೆಯಿಂದ ಐದು ಬುಟ್ಟಿ ಗರಸು ಹೊತ್ತು ತಂದು ಅಂಗಳಕ್ಕೆ ಸುರಿಯಬೇಕು. ಆ ಕೆಂಪು ಹರಳುಮಣ್ಣನ್ನು ಹರಡಿ, ನೀರು ಹೊಡೆದು, ಕಲ್ಲುರುಳಿ ಎಳೆದು, ಸಗಣಿಯಿಂದ ಸಾರಿಸಿದರೆ ಅಂಗಳ ಹೊಸದು. ಐದು ಬುಟ್ಟಿ ಹೊರದವನಿಗೆ ಕ್ಲಬ್ಬಿನ ಅಂಗಿ ಇಲ್ಲ. ಮೂವತ್ತೇಳು ವರ್ಷ ಒಂದು ವರ್ಷವೂ ಈ ಸೇವೆ ತಪ್ಪಿರಲಿಲ್ಲ. ಗೆಲ್ಲುತ್ತ ಹೋದಂತೆ ಆಟಗಾರರು ಹೆಚ್ಚಿದರು, ಬುಟ್ಟಿಗಳೂ ಹೆಚ್ಚಿದವು.

ಆಯುಧಗಳನ್ನು ಪೂಜಿಸುವ ಖಂಡೆಪೂಜೆಯ ದಿನ ಚೆಂಡುಗಳಿಗೆ ಕುಂಕುಮ ಹಚ್ಚಿ, ಅಧ್ಯಕ್ಷರು ರಿಂಗಿಗೆ ಚೆಂಡುಹೂವಿನ ಮಾಲೆ ಕಟ್ಟುವುದು ವಾಡಿಕೆ. ಕಾಸಿಂಸಾಬ ಹಿಂದೆ ಒಮ್ಮೆ, ಎಪ್ಪತ್ತೇಳರಲ್ಲಿ, ತಂಡದ ನಾಯಕನಾಗಿದ್ದಾಗ, ಅಧ್ಯಕ್ಷರ ಬದಲಿಗೆ ಆ ಮಾಲೆ ಕಟ್ಟಿದ್ದ. ಮಾಸ್ತರರ ಕಬ್ಬಿಣದ ಕುರ್ಚಿಯ ಮೇಲೆ ನಿಂತು, ಹಿಮ್ಮಡಿ ಎತ್ತಿ, ಬೆರಳ ತುದಿಯಿಂದ ಹೇಗೋ ದಾರ ಸಿಕ್ಕಿಸಿದ್ದು ನೆನಪಿತ್ತು. ಈಗ ಅದೇ ಕುರ್ಚಿ ತಂದಿಟ್ಟರು. ಕುಂಟುತ್ತ ಹತ್ತಿದ. ಹಿಮ್ಮಡಿ ಎತ್ತುವ ಮೊದಲೇ ಅವನ ಬೆರಳುಗಳು ರಿಂಗನ್ನು ಹಿಡಿದುಕೊಂಡವು.

ಕೆಳಗೆ ಜನ ಚಪ್ಪಾಳೆ ತಟ್ಟಿದರು. ಅವನು ಮಾಲೆ ಕಟ್ಟುವುದನ್ನೇ ಮರೆತು ರಿಂಗು ಹಿಡಿದು ನಿಂತ. ಮನುಷ್ಯ ವಯಸ್ಸಾದಂತೆ ಕುಗ್ಗುತ್ತಾನೆ, ಎತ್ತರ ಆಗುವುದಿಲ್ಲ. ಕುರ್ಚಿ ಅದೇ, ಕಂಬ ಅದೇ. ಹಾಗಾದರೆ ಏನು? ಅವನ ಕಣ್ಣು ಕಂಬದ ಬುಡಕ್ಕೆ ಇಳಿಯಿತು. ಅಲ್ಲಿ ಅರ್ಧ ಗೇಣೆತ್ತರದ ಕಲ್ಲಿನ ಕಟ್ಟೆ ಇತ್ತಲ್ಲ, ಅದರ ಮೇಲೆ ಕೂತು ಅವನು ಬೂಟಿನ ಲಾಡಿ ಕಟ್ಟುತ್ತಿದ್ದನಲ್ಲ, ಅದೆಲ್ಲಿ? ಸಗಣಿ ಸಾರಿಸಿದ ನೆಲದಲ್ಲಿ ಕಲ್ಲಿನ ಅಂಚು ಮಾತ್ರ ಒಂದು ಗೆರೆಯಷ್ಟು ಕಾಣುತ್ತಿತ್ತು.

ಜನ ಬುಂದೆಲಾಡು ತಿಂದು ಚದುರಿದ ಮೇಲೆ ಅವನು ಡಿಪೋದಿಂದ ಟೇಪು ತಂದು ಅಳೆದ. ಒಂಬತ್ತು ಅಡಿ ಐದು ಅಂಗುಲ. ಇನ್ನೊಂದು ಕಡೆ ಅಳೆದ, ಅಲ್ಲೂ ಅಷ್ಟೇ. ಏಳು ಅಂಗುಲ ನೆಲ ಮೇಲೆದ್ದಿತ್ತು. ಅದನ್ನು ಎತ್ತಿದ್ದು ದೆವ್ವವಲ್ಲ, ಐದೈದು ಬುಟ್ಟಿ ಭಕ್ತಿ. ಕಾಸಿಂಸಾಬ ಅಲ್ಲೇ ನೆಲಕ್ಕೆ ಕೂತ. ಎಪ್ಪತ್ತೆಂಟರ ಆ ಎರಡು ಎಸೆತ ಕಣ್ಣ ಮುಂದೆ ಬಂದವು. ಎರಡೂ ಗುರಿ ತಪ್ಪಿರಲಿಲ್ಲ, ಎತ್ತರವಷ್ಟೇ ಸಾಲದಾಗಿತ್ತು.

ಮನೆಗೆ ಬಂದಾಗ ಹೆಂಡತಿ ಶಮ್ಶುನ್ನೀಸಾ ಎಂದಿನಂತೆ ಸಾಸರಿನಂಥ ಬಶಿಯ ಅಂಚಿನವರೆಗೆ ಚಹಾ ಸುರಿದು ಕೊಟ್ಟಳು. ಅವನು ಎಂದಿನಂತೆ ಅದನ್ನು ಎರಡು ಕೈಯಲ್ಲಿ ಎತ್ತಿ ಕುಡಿದ. ಕುಡಿದು ವಿಷಯ ಹೇಳಿದ.

“ಈಗ ಏನ್ ಮಾಡ್ತೀರಿ?” ಎಂದಳು.

ಅದೇ ಪ್ರಶ್ನೆ. ಬುಧವಾರ ಸಂಜೆಯೊಳಗೆ ಅಂಗಳದ ದಾಖಲೆ ಬೆಳಗಾವಿಗೆ ಹೋಗಬೇಕಿತ್ತು. ಅಚ್ಚು ಹಾಕಿಸಿದ ಆ ಹಾಳೆಯಲ್ಲಿ ‘ರಿಂಗಿನ ಎತ್ತರ’ ಎಂಬ ಸಾಲಿನ ಎದುರು ಪ್ರತಿವರ್ಷ ಬಸಂತರಾಯ ‘ಹತ್ತು ಅಡಿ’ ಎಂದು ಬರೆಯುತ್ತಿದ್ದ, ಅಧ್ಯಕ್ಷರಾಗಿದ್ದವರು ಕೆಳಗೆ ಸಹಿ ಮಾಡುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಾಗಿಬಿಟ್ಟಿತ್ತು. ರಿಂಗು ಎತ್ತಿಸಿದರೆ ಕಪ್ಪು ಹೋಗುತ್ತದೆ, ಹತ್ತು ವರ್ಷದ ಕನಸು ಹೋಗುತ್ತದೆ. ಎತ್ತಿಸದೆ ಸಹಿ ಮಾಡಿದರೆ ಕಲ್ಮೇಶ ಮುಂದಿನ ವಾರ ಬೆಳಗಾವಿಯಲ್ಲಿ ಮೂರನೆಯ ಸಲ ಅಂಜುಬುರುಕನಾಗುತ್ತಾನೆ. ಆಮೇಲೆ ಜೀವನಪೂರ್ತಿ.

ಮಂಗಳವಾರ ಬನ್ನಿ ಕೊಟ್ಟು ಕೈಮುಗಿದುಕೊಂಡ ಊರು ಬುಧವಾರ ಬೆಳಿಗ್ಗೆ ಕ್ಲಬ್ಬಿನ ಕೋಣೆಯಲ್ಲಿ ಜಗಳಕ್ಕೆ ಕೂತಿತು. ಕಪ್ಪನ್ನು ಇಡಲು ಬಸಂತರಾಯ ಗಾಜಿನ ಕಪಾಟು ಮಾಡಿಸಿ ತಂದಿದ್ದ, ಅದಕ್ಕೆ ಸುತ್ತಿದ್ದ ರಟ್ಟನ್ನು ಇನ್ನೂ ಬಿಚ್ಚಿರಲಿಲ್ಲ. ಕಾಸಿಂಸಾಬ ಟೇಪನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದ. ಆರು ಜನ ಸದಸ್ಯರು ಬಸಂತರಾಯನ ಮುಖ ನೋಡಿದರು.

“ಅಲ್ರಿ ಅಧ್ಯಕ್ಷರ, ರಿಂಗು ಇಬ್ಬರಿಗೂ ಒಂದಽ ಐತಿ,” ಎಂದ ಬಸಂತರಾಯ. “ನಮಗೊಂದು, ಸಿಂದಗ್ಯಾವ್ರಿಗೊಂದು ಕಟ್ಟೇವೇನು? ಇದ್ರಾಗ ಮೋಸ ಎಲ್ಲೈತಿ?”

“ನಮ್ಮ ಹುಡುಗರು ವರ್ಷಪೂರ್ತಿ ಇದ್ರ ಮ್ಯಾಲ ಕೈ ಕುಂದರಿಸ್ಯಾರ. ಅವ್ರು ಎರಡ ದಿನ ಬಂದು ಆಡ್ತಾರ. ಅವ್ರ ಚೆಂಡು ರಿಂಗಿನ ಮ್ಯಾಲ ಹಾದು ಹೋಗ್ತಾವ. ಗೊತ್ತಿಲ್ಲದಾಗ ಅದು ತಪ್ಪು. ಗೊತ್ತಾದ ಮ್ಯಾಲ ಮೋಸ.”

“ಹಂಗಾರ ಸೋಮವಾರ ಎತ್ತೋಣಂತ. ನಾಕ ದಿನದಾಗ ಏನ್ ಆಕಾಶ ಕಳಚಿ ಬೀಳತೈತಿ?”

“ಸೋಮವಾರ ಕಲ್ಮೇಶ ಬೆಳಗಾವ್ಯಾಗ ಇರ್ತಾನ್ರಿ. ಅಲ್ಲಿ ರಿಂಗು ಹತ್ತು ಫೂಟ ಐತಿ.”

ಬಸಂತರಾಯ ಎದ್ದು ನಿಂತ. ಅವನು ಕೆಟ್ಟವನೇನಲ್ಲ. ಇಪ್ಪತ್ತು ವರ್ಷ ತನ್ನ ವ್ಯಾಪಾರದ ನಡುವೆ ಈ ಕ್ಲಬ್ಬು ನಡೆಸಿದವನು, ಚಿಕ್ಕಂದಿನಲ್ಲಿ ತಾನೂ ಐದು ಬುಟ್ಟಿ ಹೊತ್ತವನು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡುವವನನ್ನು ಕಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ?

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ,” ಎಂದ. “ಬೆಂಗಳೂರಾಗ ಕೈ ನಡಗಿತು. ಇಪ್ಪತ್ತು ವರ್ಷದ ಮ್ಯಾಲ ತಪ್ಪು ನೆಲದ ಮ್ಯಾಲ ಹಾಕಾಕತ್ತೀರಿ. ಸಿದ್ರಾಮ ಮಾಸ್ತರರು ಕಟ್ಟಿದ ಅಂಗಳ ಇದು. ಅವ್ರ ಹೆಸರಿಗೆ ಮಸಿ ಬಳದು ನಿಮ್ಮ ಮುಖ ತೊಳಕೊಳ್ಳಾವ್ರೇನು?”

ಕಾಸಿಂಸಾಬನಿಗೆ ಮೈಯೆಲ್ಲ ಉರಿಯಿತು. ಉರಿಯಲು ಕಾರಣ ಬಸಂತರಾಯನ ಮಾತು ಸುಳ್ಳೆಂಬುದಲ್ಲ, ಸ್ವಲ್ಪ ನಿಜವಿರಬಹುದು ಎಂಬುದು. ತನಗೇ ಗೊತ್ತಿಲ್ಲದೆ ತನ್ನ ಹಳೆಯ ಅವಮಾನ ತೊಳೆಯಲೆಂದೇ ಈ ಗದ್ದಲ ಎಬ್ಬಿಸುತ್ತಿದ್ದೇನೆಯೇ? ಬಸಂತರಾಯ ಹಾಳೆಯನ್ನು ಮುಂದೆ ತಳ್ಳಿದ. ಅದರಲ್ಲಿ ‘ಹತ್ತು ಅಡಿ’ ಎಂದು ಬರೆದಾಗಿತ್ತು.

“ಸಂಜಿ ಐದರ ಬಸ್ಸಿಗೆ ಇದು ಹೋಗಬೇಕು. ಸಹಿ ಮಾಡಿದ್ರ ನೀವು ಅಧ್ಯಕ್ಷರು. ಇಲ್ಲಂದ್ರ ನಿಮ್ಮ ದಾರಿ ನಿಮಗ.”

ಹಾಳೆ ಮಡಚಿ ಕಿಸೆಗೆ ಹಾಕಿಕೊಂಡು ಕಾಸಿಂಸಾಬ ನೇರ ಮಾಸ್ತರರ ಮನೆಗೆ ಹೋದ. ಎಂಬತ್ತೆರಡರ ಸಿದ್ರಾಮ ಮಾಸ್ತರರಿಗೆ ಕಣ್ಣು ಮಂಜಾಗಿತ್ತು, ನಾಲಿಗೆ ಮಾತ್ರ ಸೀಟಿಯಷ್ಟೇ ಚುರುಕಾಗಿತ್ತು. ಹೇಗೆ ಶುರು ಮಾಡುವುದೆಂದು ತಿಳಿಯದೆ ಅವನು ರಿಂಗಿನ ಅಳತೆಯ ಮಾತು ತೆಗೆದ.

“ಹತ್ತು ಫೂಟ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಲ್ಲ,” ಎಂದರು ಮಾಸ್ತರರು ಹೆಮ್ಮೆಯಿಂದ. “ನನ್ನ ಕೈಯಾರೆ ಅಳದು ಕುಂದರಿಸೀನಿ. ನಾ ಸತ್ತ ಮ್ಯಾಲೂ ಅದು ಅಲ್ಲೇ ಇರತೈತಿ. ಯಾಕ ಕೇಳಾಕತ್ತಿ?”

“ಸುಮ್ಮ ಕೇಳಿದೆ ರೀ.”

ಅವನಿಗೆ ಹೇಳಲಾಗಲಿಲ್ಲ. ಆ ಮುದುಕರ ಬಳಿ ಉಳಿದದ್ದೇ ಆ ಹತ್ತು ಅಡಿ. ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದು ಬಂದ.

ಅಂಗಳಕ್ಕೆ ಬಂದಾಗ ಮೂರು ಗಂಟೆ. ಕಲ್ಮೇಶ ಒಬ್ಬನೇ ಫ್ರೀ ಥ್ರೋ ಹೊಡೆಯುತ್ತಿದ್ದ. ಹತ್ತಕ್ಕೆ ಹತ್ತು ಬೀಳುತ್ತಿದ್ದವು. ಕಾಸಿಂಸಾಬ ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು ಕುರ್ಚಿ ಹತ್ತಿಸಿದ, ಇನ್ನೊಂದು ತುದಿಯನ್ನು ನೆಲಕ್ಕೆ ಹಿಡಿದ. ಓದು ಎಂದ. ಕಲ್ಮೇಶ ಎರಡು ಸಲ ಓದಿದ. ಆಮೇಲೆ ಕಾಸಿಂಸಾಬ ಕಬ್ಬಿಣದ ಸಲಾಕೆಯಿಂದ ಕಟ್ಟೆಯ ಪಕ್ಕದ ನೆಲವನ್ನು ಕೆದರಿ ತೋರಿಸಿದ. ಕೆಂಪು ಗರಸು, ಸಗಣಿಯ ಕಪ್ಪು ಗೆರೆ, ಮತ್ತೆ ಗರಸು, ಮತ್ತೆ ಗೆರೆ. ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿದಂತೆ ವರ್ಷಗಳು ಕೂತಿದ್ದವು.

ಹುಡುಗ ಮೊದಲು ಸಿಟ್ಟಾದ. “ಐತವಾರದ ತನಕ ಬಾಯಿ ಮುಚ್ಚಿಕೊಂಡಿದ್ರ ನಿಮಗೇನ್ ಆಗ್ತಿತ್ರಿ? ಈಗ ಚೆಂಡು ಕೈಯಾಗ ಹಿಡದ್ರ ಇದಽ ತಲ್ಯಾಗ ಇರತೈತಿ!” ಚೆಂಡನ್ನು ಒದ್ದ, ಅದು ಬೇಲಿಯ ತನಕ ಹೋಯಿತು. ಅದನ್ನು ತರಲು ಹೋದವನು ಅರ್ಧ ದಾರಿಯಲ್ಲಿ ನಿಂತ. ತಿರುಗಿದಾಗ ಅವನ ದನಿ ಬೇರೆಯಾಗಿತ್ತು.

“ಅಂದ್ರ… ಬೆಳಗಾವ್ಯಾಗ ನಾ ಅಂಜಿರಲಿಲ್ಲೇನ್ರಿ?”

ಕಾಸಿಂಸಾಬ ಆ ಮುಖ ನೋಡಿದ. ಇಪ್ಪತ್ತೊಂದು ವರ್ಷದ ಹಿಂದೆ ರೈಲಿನ ಕಿಟಕಿಯ ಗಾಜಿನಲ್ಲಿ ಕಂಡದ್ದು ಇದೇ ಮುಖ. ತನಗೆ ಯಾರಾದರೂ ಆಗ ಒಂದು ಟೇಪು ತಂದು ಅಳೆದು ತೋರಿಸಿದ್ದರೆ! ಅವನಿಗೆ ಬಸಂತರಾಯನ ಮಾತಿಗೆ ಉತ್ತರ ಸಿಕ್ಕಿತು. ಮುಖ ತೊಳೆದುಕೊಳ್ಳಲೆಂದೇ ಇರಲಿ, ಏನಂತೆ? ಹುಡುಗನದೂ ತೊಳೆಯುತ್ತದಲ್ಲ.

“ಇಲ್ಲಪಾ. ನೀ ಅಂಜಿರಲಿಲ್ಲ,” ಎಂದ. “ನೆಲಾ ಡೊಂಕಿತ್ತು.”

ಕಿಸೆಯಿಂದ ಹಾಳೆ ತೆಗೆದು, ‘ಹತ್ತು ಅಡಿ’ಯನ್ನು ಹೊಡೆದುಹಾಕಿ, ‘ಅಳೆದಾಗ ಒಂಬತ್ತು ಅಡಿ ಐದು ಅಂಗುಲ ಇತ್ತು, ಇಂದು ಹತ್ತು ಅಡಿಗೆ ಎತ್ತಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ. ವೆಲ್ಡರ್ ಯಂಕಪ್ಪನನ್ನು ಕರೆಸಿದ. ಯಂಕಪ್ಪ ಬೋರ್ಡಿನ ಬೋಲ್ಟು ಸಡಿಲಿಸಿ, ಎರಡೂ ಕಡೆ ಏಳಂಗುಲ ಮೇಲೆ ಸರಿಸಿ, ಬಿಗಿದು, ಬೆಸುಗೆ ಹಾಕಿದ. ಐದರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹಾಳೆ ಹೋಯಿತು. ಬಸ್ಸು ಬಿಡುವ ಸೀಟಿ ಊದಿದವನೂ ಕಾಸಿಂಸಾಬನೇ.

ಸುದ್ದಿಗೆ ಕಾಲು ಬೇಕೇ? ಮರುದಿನ ಬೆಳಿಗ್ಗೆ ಡಿಪೋದ ಗೋಡೆಯ ಮೇಲೆ ಇದ್ದಿಲಿನಲ್ಲಿ ‘ಗಡಗಡ ಕಾಸೀಮ ಊರು ಮುಳುಗಿಸಿದ’ ಎಂದು ಬರೆದಿತ್ತು. ಬಸ್ಸಿನ ಹೊತ್ತು ಕೇಳಲು ಬಂದವರು ಬೆನ್ನು ತಿರುಗಿಸಿ ನಿಂತರು. ಸಂತೆಯಲ್ಲಿ ಶಮ್ಶುನ್ನೀಸಾಗೆ ಬದನೆಕಾಯಿ ಕೊಡುವವಳು ಬದನೆಕಾಯಿಯ ಜೊತೆ ಎರಡು ಮಾತೂ ಕೊಟ್ಟಳು. ಅಂಗಳದಲ್ಲಿ ಅದಕ್ಕಿಂತ ಕಷ್ಟವಿತ್ತು. ಹುಡುಗರು ಹೊಡೆದ ಚೆಂಡೆಲ್ಲ ರಿಂಗಿನ ಮುಂದಿನ ಅಂಚಿಗೆ ಬಡಿದು ಠಣ್ಣೆಂದು ವಾಪಸ್ಸು ಬರುತ್ತಿತ್ತು. ಗುರುವಾರ, ಶುಕ್ರವಾರ ಎರಡು ದಿನ ಊರಿಗೆಲ್ಲ ಆ ಸದ್ದೇ ಕೇಳಿಸಿತು. ಕಲ್ಮೇಶ ಬೆಳಕು ಹರಿಯುವ ಮೊದಲೇ ಬಂದು, ಕತ್ತಲಾಗುವ ತನಕ ಹೊಡೆದ. ಕಾಸಿಂಸಾಬ ಪಕ್ಕದಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದ: “ಕೈಗಲ್ಲಪಾ, ಮೊಣಕಾಲಿಗೆ ಹೇಳು. ಏಳಂಗುಲ ಮೊಣಕಾಲಿನಾಗ ಐತಿ.”

ಶನಿವಾರ ಬಸವನ ಬಾಗೇವಾಡಿಯ ಮೇಲೆ ಇಂಡಿ ಮೂರು ಅಂಕದಿಂದ ಹೇಗೋ ಪಾರಾಯಿತು. ಹಿಂದಿನ ವರ್ಷ ಅದೇ ತಂಡವನ್ನು ಮೂವತ್ತು ಅಂಕದಿಂದ ಹೊಡೆದಿದ್ದರು. ಮುದ್ದೇಬಿಹಾಳವನ್ನು ಸೋಲಿಸಿದ ಸಿಂದಗಿ ಫೈನಲ್ಲಿಗೆ ಬಂತು.

ಭಾನುವಾರ ಅಂಗಳದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಬಸಂತರಾಯ ಹೇಳಿಟ್ಟಿದ್ದ ಬ್ಯಾಂಡಿನವರು ವಾದ್ಯ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸಿದ್ರಾಮ ಮಾಸ್ತರರನ್ನೂ ಕುರ್ಚಿಸಮೇತ ಎತ್ತಿಕೊಂಡು ಬಂದು ಕಂಬದ ಹತ್ತಿರ ಕೂರಿಸಿದ್ದರು. ಅವರಿಗೆ ಯಾರೂ ಏನೂ ಹೇಳಿದಂತಿರಲಿಲ್ಲ. ಅಧ್ಯಕ್ಷನ ಪಕ್ಕದ ಕುರ್ಚಿಗಳು ಎರಡು ಬದಿಗೂ ಖಾಲಿ ಇದ್ದವು.

ಆಟ ಹಗ್ಗ ಜಗ್ಗಿದಂತೆ ಅತ್ತಿತ್ತ ಎಳೆದಾಡಿತು. ಕೊನೆಗೆ ಏಳು ಸೆಕೆಂಡು ಉಳಿದಾಗ ಸಿಂದಗಿಗೆ ಅರವತ್ತೊಂದು, ಇಂಡಿಗೆ ಅರವತ್ತು. ಕಲ್ಮೇಶನನ್ನು ತಳ್ಳಿ ಬೀಳಿಸಿದ್ದಕ್ಕೆ ಎರಡು ಫ್ರೀ ಥ್ರೋ ಸಿಕ್ಕವು. ಎರಡೂ ಬಿದ್ದರೆ ಕಪ್ಪು ಕಾಯಂ. ಕಲ್ಮೇಶ ಗೆರೆಯ ಮೇಲೆ ನಿಂತ, ಹೊಡೆದ.

ಚೆಂಡು ಮುಂದಿನ ಅಂಚಿಗೆ ಬಡಿದು ವಾಪಸ್ಸು ಬಂತು.

ಆ ಸದ್ದನ್ನು ಕಾಸಿಂಸಾಬ ಎಲ್ಲಿದ್ದರೂ ಗುರುತಿಸುತ್ತಿದ್ದ. ಜನರ ನಡುವಿನಿಂದ ಯಾರೋ “ಗಡಗಡ!” ಎಂದು ಕೂಗಿದರು. ಅದು ಯಾರಿಗೆ ಅಂದದ್ದು, ಅವನಿಗೋ ಹುಡುಗನಿಗೋ? ಕಲ್ಮೇಶ ತಿರುಗಿ ನೋಡಿದ. ಕಾಸಿಂಸಾಬ ಎದ್ದು ನಿಂತು, ತನ್ನ ಕೆಟ್ಟ ಮೊಣಕಾಲಿನ ಮೇಲೆ ಅಂಗೈಯಿಂದ ಎರಡು ಸಲ ಬಡಿದು ತೋರಿಸಿದ. ಕಲ್ಮೇಶ ತಲೆಯಾಡಿಸಿದ. ಮೊಣಕಾಲು ಬಗ್ಗಿಸಿದ, ಎತ್ತಿ ಬಿಟ್ಟ. ಚೆಂಡು ಅಂಚನ್ನೂ ಮುಟ್ಟದೆ ಬಲೆಯೊಳಗೆ ಇಳಿಯಿತು.

ಅಂಕ ಸಮ. ಹೆಚ್ಚಿನ ಐದು ನಿಮಿಷ ಆಡಿಸಿದರು. ಅದರಲ್ಲಿ ಸಿಂದಗಿ ಎರಡು ಅಂಕದಿಂದ ಗೆದ್ದಿತು. ಒಂಬತ್ತು ವರ್ಷದ ಮೇಲೆ ಕಪ್ಪು ಇಂಡಿಯ ಗಡಿ ದಾಟಿತು. ಬ್ಯಾಂಡಿನವರು ಊದದೆಯೇ ಎದ್ದುಹೋದರು. ಸಿಂದಗಿಯ ನಾಯಕ ಕಿಸೆಯ ನಿಂಬೆಹಣ್ಣನ್ನು ತೆಗೆದು ಕಾಸಿಂಸಾಬನ ಕೈಗೆ ಕೊಟ್ಟು, “ಇನ್ನ ಬ್ಯಾಡ್ರಿ ಇದು,” ಎಂದು ಕಾಲು ಮುಟ್ಟಿ ಹೋದ.

ಬಸಂತರಾಯ ಬಂದು ಎದುರಿಗೆ ನಿಂತಾಗ ಕಾಸಿಂಸಾಬ ರಾಜೀನಾಮೆಯ ಚೀಟಿಯನ್ನು ತಾನೇ ಚಾಚಿದ, ಅದನ್ನು ಬೆಳಿಗ್ಗೆಯೇ ಬರೆದಿಟ್ಟಿದ್ದ. ಬಸಂತರಾಯ ಅದನ್ನು ತೆಗೆದುಕೊಂಡ. ಬೈಯಲು ಬಂದವನು ಬೈಯಲಿಲ್ಲ. “ಬೆಳಗಾವ್ಯಾವ್ರು ಕಲ್ಮೇಶನ ಹೆಸರು ಬರಕೊಂಡಾರ,” ಎಂದಷ್ಟೇ ಹೇಳಿ, ಮುಖ ಬೇರೆ ಕಡೆ ತಿರುಗಿಸಿ ನಡೆದ. ಆಯ್ಕೆದಾರರು ಅಂಗಳದ ಹಾಳೆ ಓದಿಕೊಂಡೇ ಬಂದಿದ್ದರು. ನಾಲ್ಕು ದಿನದಲ್ಲಿ ಕೈ ತಿದ್ದಿಕೊಂಡ ಹುಡುಗನನ್ನು ಅವರು ಸುಮ್ಮನೆ ಬಿಡಲಿಲ್ಲ. ಅದೇ ಸಂಜೆಯ ಬಸ್ಸಿಗೆ ಕಲ್ಮೇಶನನ್ನು ಹತ್ತಿಸಿದರು. ಎರಡು ವಾರದ ಮೇಲೆ ಅವನು ಡಿಪೋಗೆ ಫೋನು ಮಾಡಿ, ತಂಡಕ್ಕೆ ಸೇರಿದೆ ಎಂದು ಹೇಳುವ ಮೊದಲು, “ಇಲ್ಲಿ ರಿಂಗು ಹತ್ತು ಫೂಟ ಐತ್ರಿ, ನಾನಽ ಅಳದೀನಿ” ಎಂದನಂತೆ.

ಆದರೆ ಅವತ್ತು ಸಂಜೆ, ಜನ ಚದುರಿದ ಅಂಗಳದಲ್ಲಿ, ಸಿದ್ರಾಮ ಮಾಸ್ತರರು ಇನ್ನೂ ಕುರ್ಚಿಯಲ್ಲೇ ಕೂತಿದ್ದರು. ರಿಂಗು ಎತ್ತಿಸಿದ ಮಾತು ಆಟದ ನಡುವೆ ಅವರ ಕಿವಿಗೆ ಬಿದ್ದಿತ್ತು. ಕೋಲಿನ ತುದಿಯಿಂದ ನೆಲ ಬಡಿಯುತ್ತಿದ್ದರು. ಮೆತ್ತಗೆ, ಮೆತ್ತಗೆ, ಆಮೇಲೆ ಟಕ್ ಎಂದು ಕಲ್ಲು. ಮತ್ತೆ ಅಲ್ಲೇ ಬಡಿದರು. ಹತ್ತಿರ ಬಂದ ಹೆಜ್ಜೆಯ ಕುಂಟು ಕೇಳಿ ಯಾರೆಂದು ಅವರಿಗೆ ಗೊತ್ತಾಯಿತು.

“ಕಾಸೀಮ, ಈ ಕಲ್ಲಿನ ಮ್ಯಾಲ ನೀವು ಕುಂದರ್ತಿದ್ರಿ.”

“ಹೌದ್ರಿ ಮಾಸ್ತರ.”

“ನಾನಽ ಹುಗದೀನಿ ಇದನ್ನ. ವರ್ಷಾ ವರ್ಷಾ ನಿಂತು ಹುಗಿಸೀನಿ.” ಮುದುಕರು ಕೋಲನ್ನು ಪಕ್ಕಕ್ಕಿಟ್ಟರು. “ನೀ ಬೆಂಗಳೂರಿಗೆ ಹೋದಾಗ ಎಷ್ಟ ಏರಿತ್ತು?”

“ಮೂರು ಅಂಗುಲ ಇರಬೇಕ್ರಿ.”

ಮಾಸ್ತರರು ಕೈ ಚಾಚಿ ತಡಕಾಡಿ ಕಾಸಿಂಸಾಬನ ಬಲಗೈ ಹಿಡಿದುಕೊಂಡರು, ಎಸೆಯುವ ಕೈಯನ್ನು. ಬೆರಳು ಬೆರಳಾಗಿ ಸವರಿದರು.

“ನಿನ್ನ ಕೈ ನಡಗಿರಲಿಲ್ಲ,” ಎಂದರು. “ನಾ ತಪ್ಪು ಹೇಳಿದ್ದೆ. ಇಷ್ಟ ವರ್ಷ ಹೊತಗೊಂಡು ತಿರಗ್ಯಾಡಿದ್ಯಲ್ಲೋ ಮಗನ.” ಕೈ ಬಿಟ್ಟು, “ಒಂದು ಬುಟ್ಟಿ ತರಸು. ಮೊದಲನೇ ಬುಟ್ಟಿ ಗರಸು ನಾನಽ ಹೊರಗ ಹಾಕ್ತೇನಿ.”

ಬುಟ್ಟಿ ಬಂತು. ಮಾಸ್ತರರು ನೆಲಕ್ಕೆ ಕೂತು ಕೈಯಿಂದಲೇ ಕೆದರಿ ಎರಡು ಬೊಗಸೆ ಗರಸು ತುಂಬಿದರು. ಅದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ. ಉಳಿದದ್ದನ್ನು ಕಾಸಿಂಸಾಬ ತುಂಬಿ, ಹೊತ್ತು, ಬೇಲಿಯ ಆಚೆ ಸುರಿದು ಬಂದ.

ಮನೆ ತಲುಪಿದಾಗ ಅಂಗಿಯೆಲ್ಲ ಕೆಂಪಾಗಿತ್ತು. ಶಮ್ಶುನ್ನೀಸಾ ಸೋತದ್ದನ್ನು ಕೇಳಿದ್ದಳು, ರಾಜೀನಾಮೆಯನ್ನೂ ಕೇಳಿದ್ದಳು. ಒಲೆಯಿಂದ ಚಹಾ ಇಳಿಸಿದಳು.

“ಮಾಸ್ತರರು ಹೇಳಿದ್ರು,” ಎಂದ ಅವನು, ಮಾತು ಹುಡುಕುತ್ತ. “ನನ್ನ ಕೈ ನಡಗಿರಲಿಲ್ಲಂತ.”

“ಅದನ್ನ ಹೇಳಾಕ ಮಾಸ್ತರರಽ ಬೇಕಾಗಿತ್ತೇನ್ರಿ?” ಎಂದಳು ಅವಳು, ಬಶಿಯ ಅಂಚಿನ ತನಕ ಚಹಾ ಸುರಿಯುತ್ತ. “ಹತ್ತೊಂಬತ್ತು ವರ್ಷಾತು ತುಂಬಿದ ಬಶಿ ಕೊಡಾಕತ್ತು. ಒಂದಽ ಹನಿ ಚೆಲ್ಲೀರೇನು? ಕೈ ನಡಗಾವ್ರಿಗೆ ಯಾರರ ತುಂಬಿದ ಬಶಿ ಕೊಡ್ತಾರೇನು?”

ಕಾಸಿಂಸಾಬ ಬಶಿ ಎತ್ತಿದ. ಅವತ್ತು ಅದು ತುಟಿ ತಲುಪುವ ಮೊದಲೇ ಅರ್ಧ ಚೆಲ್ಲಿತು. ಶಮ್ಶುನ್ನೀಸಾ ಮತ್ತೆ ಅಂಚಿನ ತನಕ ಸುರಿದಳು.